ಯಾರ ದನಿಯಲ್ಲಿ ಪಾಠ?

ಹೊಸದಾಗಿ ಶಾಲೆಗೆ ಸೇರಿದ ಭಾಷಾ ಶಿಕ್ಷಕರು ಮೊದಮೊದಲು ತಮ್ಮ ದನಿಯಲ್ಲಿ ಪಾಠ ಮಾಡುವುದಿಲ್ಲ, ತಮಗೆ ಕಲಿಸಿದವರ ದನಿಯಲ್ಲಿ ಮಾಡುತ್ತಾರೆ. ತರಗತಿಯ ಕೊನೇ ಬೆಂಚಿನಲ್ಲಿ ಕೂತು ಬಿ.ಇಡಿ. ಹುಡುಗ ಹುಡುಗಿಯರ ಪಾಠ ನೋಡುವುದು ನನ್ನ ಕೆಲಸ. ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗನೊಬ್ಬ ಪದ್ಯ ಶುರುಮಾಡುವ ಮುಂಚೆ ನಿವೃತ್ತಿಗೆ ಬಂದ ಮೇಷ್ಟರ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಾನೆ. ಪಠ್ಯಪುಸ್ತಕವನ್ನು ಸುರುಳಿ ಸುತ್ತಿ ಅಂಗೈಗೆ ಬಡಿದುಕೊಳ್ಳುತ್ತ, ಎರಡು ವಾಕ್ಯಕ್ಕೊಮ್ಮೆ "ಹೌದೋ ಅಲ್ಲವೋ?" ಎನ್ನುತ್ತಾನೆ. ಮಕ್ಕಳು "ಹೌದು ಸಾರ್" ಎಂದು ರಾಗ ಎಳೆಯುತ್ತಾರೆ. ಪಾಠ ಮುಗಿದ ಮೇಲೆ "ಯಾರಪ್ಪ, ನಿನಗೆ ಹೈಸ್ಕೂಲಲ್ಲಿ ಕನ್ನಡ ಮಾಡಿದವರು?" ಎಂದು ಕೇಳಿದರೆ ಅವನಿಗೆ ಆಶ್ಚರ್ಯ. "ನಿಮಗೆ ಅವರು ಗೊತ್ತಾ ಮೇಡಂ?" ಎನ್ನುತ್ತಾನೆ. ನನಗೆ ಗೊತ್ತಿಲ್ಲ. ಆದರೆ ಇಷ್ಟು ಹೊತ್ತು ಅವರ ಪಾಠವನ್ನೇ ಕೇಳಿದೆನಲ್ಲ.

ಇದಕ್ಕೆ ಶಿಕ್ಷಣಶಾಸ್ತ್ರದಲ್ಲಿ ಹಳೆಯ ವಿವರಣೆಯೊಂದಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಶಾಲಾ ಶಿಕ್ಷಕರ ಮೇಲೆ ಬರೆದ ಪುಸ್ತಕದಲ್ಲಿ ಒಂದು ಲೆಕ್ಕ ಕೊಡುತ್ತಾನೆ. ಅಲ್ಲಿನ ವಿದ್ಯಾರ್ಥಿ ಹೈಸ್ಕೂಲು ಮುಗಿಸುವಷ್ಟರಲ್ಲಿ ಸುಮಾರು 13,000 ಗಂಟೆ ಶಿಕ್ಷಕರ ಎದುರು ಕಳೆದಿರುತ್ತಾನೆ. ವಕೀಲನಾಗುವವನು ಕೋರ್ಟಿನಲ್ಲಿ, ಡಾಕ್ಟರಾಗುವವನು ಆಸ್ಪತ್ರೆಯಲ್ಲಿ ಹಾಗೆ ಬಾಲ್ಯವನ್ನೆಲ್ಲ ಕಳೆದಿರುವುದಿಲ್ಲ. ಶಿಕ್ಷಕನಾಗುವವನು ಮಾತ್ರ ಕಸುಬು ಕಲಿಯುವ ಮೊದಲೇ ಅದರ ಹೊರಮೈಯನ್ನು ಪೂರ್ತಿ ನೋಡಿಬಿಟ್ಟಿರುತ್ತಾನೆ. ನೋಡಿರುವುದು ಹೊರಮೈ ಅಷ್ಟೇ. ಮೇಷ್ಟರು ಆ ಪದ್ಯವನ್ನು ಮೊದಲು ಓದಿಸಿದ್ದೇಕೆ, ಆ ಹುಡುಗಿಯನ್ನು ಅಂದು ಎಬ್ಬಿಸದೆ ಬಿಟ್ಟಿದ್ದೇಕೆ ಎಂಬ ಒಳಲೆಕ್ಕ ಬೆಂಚಿನಲ್ಲಿ ಕೂತವನಿಗೆ ಕಾಣುವುದಿಲ್ಲ.

ನಾನು ತುಮಕೂರು ಸೀಮೆಯ ಹೈಸ್ಕೂಲುಗಳಲ್ಲಿ ಕನ್ನಡ ಪಾಠ ಮಾಡಿದವಳು, ಆಮೇಲೆ ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿದ್ದೆ. ಈಗ ನಿವೃತ್ತಿಯಾಗಿ ಬಿ.ಇಡಿ. ಕಾಲೇಜೊಂದಕ್ಕೆ ಭಾಷಾ ಬೋಧನಾ ವಿಧಾನದ ಪಾಠಕ್ಕೆ ಹೋಗಿಬರುತ್ತೇನೆ. ಮುಂಚೆ ಬಿ.ಇಡಿ. ಒಂದು ವರ್ಷದ್ದಾಗಿತ್ತು. ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮಗಳು ಬಂದ ಮೇಲೆ ಎರಡು ವರ್ಷವಾಯಿತು, ಅದರಲ್ಲಿ 20 ವಾರ ಶಾಲೆಯಲ್ಲೇ ಇರಬೇಕೆಂದಾಯಿತು. ಒಳ್ಳೆಯದೇ. ಅದಕ್ಕೂ ಮೊದಲು ಮೈಕ್ರೋ ಟೀಚಿಂಗ್ ಎಂಬ ಒಂದು ಆಟವಿದೆ. ಐದಾರು ನಿಮಿಷದ ಪಾಠ. ಜೊತೆಯ ಪ್ರಶಿಕ್ಷಣಾರ್ಥಿಗಳೇ ಎಂಟನೇ ತರಗತಿಯ ಮಕ್ಕಳಾಗಿ ಕೂರುತ್ತಾರೆ. ಸೀರೆ ಉಟ್ಟ, ಒಂದು ಮಗುವಿನ ತಾಯಿಯಾದ ಹೆಂಗಸು ಎದ್ದು ನಿಂತು "ಟೀಚರ್, ಗುಬ್ಬಿ ಗೂಡು ಕಟ್ಟುತ್ತದೆ" ಎಂದು ಮಗುವಿನ ಧಾಟಿಯಲ್ಲಿ ಉತ್ತರ ಹೇಳುತ್ತಾಳೆ. ನಗು ಬರುತ್ತದೆ, ಆದರೆ ಪ್ರಶ್ನೆ ಕೇಳುವುದು, ಉದಾಹರಣೆ ಕೊಡುವುದು, ಬೋರ್ಡಿನ ಮೇಲೆ ಬರೆಯುವುದು ಇವನ್ನೆಲ್ಲ ಬಿಡಿಬಿಡಿಯಾಗಿ ಕೈಗೆ ಹತ್ತಿಸುವುದಕ್ಕೆ ಅದು ಸಾಕು. ನಿಜವಾದ ಎಂಟನೇ ತರಗತಿಯಲ್ಲಿ ಮಾತ್ರ ಪ್ರಶ್ನೆ ಕೇಳಿದಾಗ ಯಾರೂ ಗುಬ್ಬಿಯ ವಿಷಯ ಹೇಳುವುದಿಲ್ಲ. ಒಬ್ಬ ನೀರು ಕುಡಿಯಲು ಹೋಗಬೇಕೆನ್ನುತ್ತಾನೆ, ಇನ್ನೊಬ್ಬನ ಪೆನ್ನು ಕಳೆದಿರುತ್ತದೆ. ಡಚ್ ಸಂಶೋಧಕ ಸೈಮನ್ ವೀನ್‌ಮನ್ 1984ರಲ್ಲಿ ಹೊಸ ಶಿಕ್ಷಕರ ಕುರಿತ 83 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅವರ ದೂರುಗಳಲ್ಲಿ ಮೊದಲು ನಿಂತಿದ್ದು ತರಗತಿಯ ಶಿಸ್ತು. ಅದನ್ನು ಹೇಳಲು 83 ಅಧ್ಯಯನ ಬೇಕಿತ್ತೇ ಎಂದು ನಮ್ಮ ಸ್ಟಾಫ್ ರೂಮಿನವರು ಕೇಳಿಯಾರು.

ಇಷ್ಟು ಯಾವ ವಿಷಯದ ಶಿಕ್ಷಕರಿಗಾದರೂ ಹೊಂದುತ್ತದೆ. ಭಾಷೆ ಕಲಿಸುವವರಿಗೆ ಇದರ ಮೇಲೆ ಇನ್ನೊಂದು ಕಷ್ಟವಿದೆ, ನಾನು ಹೇಳಹೊರಟಿದ್ದು ಅದನ್ನು. ಗಣಿತದವರು ಯಾವ ಊರಿನ ಮಾತಿನಲ್ಲಿ ಪಾಠ ಮಾಡಿದರೂ ಲಸಾಅ ಲಸಾಅವೇ. ಕನ್ನಡದವರು, ಇಂಗ್ಲಿಷಿನವರು ಬಾಯಿ ತೆರೆದರೆ ಅದೇ ಪಾಠ. ಮಾತೇ ಸಾಮಗ್ರಿ, ಮಾತೇ ಸಲಕರಣೆ. ಹಾಗಾಗಿ ತನ್ನ ಮಾತಿನ ವಿಷಯದಲ್ಲಿ ಅಂಜಿಕೆ ಇರುವ ತನಕ ಆ ಕಸುಬಿನಲ್ಲಿ ಕಾಲೂರಲು ಆಗುವುದಿಲ್ಲ.

ಮಳವಳ್ಳಿ ಕಡೆಯ ಹುಡುಗಿಯೊಬ್ಬಳು ನಮ್ಮಲ್ಲಿ ಓದಿದಳು. ಎಂ.ಎ.ಯಲ್ಲಿ ಒಳ್ಳೆಯ ಅಂಕ, ಕುಮಾರವ್ಯಾಸನನ್ನು ಹಾಡಿದರೆ ಕೇಳುತ್ತ ಕೂರಬೇಕು. ಶಾಲೆಗೆ ಕಳಿಸಿದಾಗ ಬಾಯಿ ಬಿಗಿದುಹೋಯಿತು. ಮಂಡ್ಯ, ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮಾತಿನ ಮೊದಲಿನ ಹಕಾರ ಬೀಳುವುದು ಎಲ್ಲರಿಗೂ ಗೊತ್ತು. ಹಾಲು ಆಲಾಗುತ್ತದೆ, ಹಾವು ಆವಾಗುತ್ತದೆ. ಅವಳು ಮೊದಲ ವಾರ ಪಾಠದ ನಡುವೆ ಒಂದು ಸಲ "ಆಗಾಗಿ" ಎಂದಳಂತೆ. ಹಿಂದಿನ ಬೆಂಚಿನ ಒಬ್ಬ ಅದನ್ನೇ ಹಿಡಿದು ಹೇಳಿ ನಕ್ಕ. ಅಲ್ಲಿಂದ ಅವಳು ಪ್ರತಿ ಪದವನ್ನೂ ಅಳೆದು ಸುರಿಯತೊಡಗಿದಳು. ರೇಡಿಯೋ ವಾರ್ತೆಯ ಕನ್ನಡ. ಮಕ್ಕಳು ಏನಾದರೂ ತಮಾಷೆ ಮಾಡಿದರೆ ತಿರುಗಿ ತಮಾಷೆ ಮಾಡಲು ಬರಲಿಲ್ಲ, ಏಕೆಂದರೆ ಅವಳ ತಮಾಷೆಯೆಲ್ಲ ಮಳವಳ್ಳಿ ಮಾತಿನಲ್ಲಿತ್ತು. ಗದರಿಸಲೂ ಬರಲಿಲ್ಲ. ಗ್ರಾಂಥಿಕ ಕನ್ನಡದಲ್ಲಿ ಗದರಿಸಿದರೆ ಯಾವ ಹುಡುಗ ಹೆದರುತ್ತಾನೆ?

ಅವಳನ್ನು ಬಿಡಿಸಿದ್ದು ನನ್ನ ಉಪದೇಶವಲ್ಲ. ಒಂಬತ್ತನೇ ತರಗತಿಯ ಉತ್ತರ ಪುಸ್ತಕಗಳ ಕಟ್ಟು. ತಿದ್ದುತ್ತ ಕೂತಾಗ ಅರ್ಧ ತರಗತಿ ತನ್ನ ಹಾಗೆಯೇ ಎಂದು ಅವಳಿಗೆ ಹೊಳೆಯಿತು. ಕೆಲವರು ಹಕಾರ ಬಿಟ್ಟಿದ್ದರು. ಇನ್ನು ಕೆಲವರು, ಬಿಡಬಾರದೆಂಬ ಭಯದಲ್ಲಿ, ಬೇಡದ ಕಡೆ ಸೇರಿಸಿದ್ದರು: ಆನೆಯನ್ನು ಹಾನೆ ಮಾಡಿದ್ದರು, ಅರಸನನ್ನು ಹರಸ ಮಾಡಿದ್ದರು. ಬಿಟ್ಟವರದು ಅಭ್ಯಾಸ, ಸೇರಿಸಿದವರದು ಭಯ, ಎರಡಕ್ಕೂ ಒಂದೇ ಕೆಂಪು ಗೆರೆ ಎಳೆದರೆ ಏನು ಪ್ರಯೋಜನ ಎಂದು ಯೋಚಿಸಿದಳು. ಮಾರನೇ ದಿನ ಬೋರ್ಡಿನ ಮಧ್ಯೆ ಗೆರೆ ಹಾಕಿ ಎಡಕ್ಕೆ 'ಮನೇಲಿ', ಬಲಕ್ಕೆ 'ಪುಸ್ತಕದಲ್ಲಿ' ಎಂದು ಬರೆದಳು. ಎಡಕ್ಕೆ ಮೊದಲು ತನ್ನ ಅಜ್ಜಿಯ ಮಾತನ್ನೇ ಬರೆದಳು: ಓಯ್ತು, ಬತ್ತೀನಿ, ಆಲು ಕಾಯ್ಸು. ಬಲಗಡೆಯದನ್ನು ಮಕ್ಕಳು ತುಂಬಿದರು. ಆಮೇಲೆ ಅವರವರ ಮನೆಯ ಮಾತು ಎಡಗಡೆಗೆ ಬಂದು ಬಂದು ಬೋರ್ಡು ಸಾಲದಾಯಿತು. ನಕ್ಕಿದ್ದ ಹುಡುಗ ಎಲ್ಲರಿಗಿಂತ ಹೆಚ್ಚು ಬರೆಸಿದ. ನಾನು ಮುಂದಿನ ಸಲ ಹೋದಾಗ ಅವಳು ಪದ್ಯ ಓದುವಾಗ ಒಂದು ಹಕಾರವೂ ಬೀಳುತ್ತಿರಲಿಲ್ಲ. ಹುಡುಗನೊಬ್ಬ ಕಿಟಕಿಯಾಚೆ ನೋಡುತ್ತಿದ್ದಾಗ "ಏನ್ಲಾ, ಅಲ್ಲೇನ್ ಕುರಿ ಎಣಿಸ್ತಾ ಇದ್ದೀಯಾ?" ಎಂದು ಊರಿನ ಮಾತಿನಲ್ಲೇ ಚಾಟಿ ಬೀಸಿದಳು. ಎರಡು ಕನ್ನಡಗಳ ನಡುವೆ ಓಡಾಡುವುದು ಅವಳಿಗೆ ಕರಗತವಾಗಿತ್ತು. ಪಾಠ ಯೋಜನೆಯ ಪುಸ್ತಕದಲ್ಲಿ ಇದಕ್ಕೊಂದು ಕಲಂ ಇಲ್ಲ.

ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡಿಗರ ಸಹಜ ಮಾತಿನಲ್ಲಿ ಮಹಾಪ್ರಾಣಗಳಿಲ್ಲ, ಬರಹಕ್ಕೂ ಅವು ಬೇಡ ಎಂದು ವಾದಿಸಿದರು. ಅವರ ವಾದವನ್ನು ನಾನು ಪೂರ್ತಿ ಒಪ್ಪುವವಳಲ್ಲ, ನಾಳೆ ಎಸ್‌ಎಸ್‌ಎಲ್‌ಸಿ ಬರೆಯುವ ಮಗುವಿಗೆ ಅದರಿಂದ ಅಂಕ ಬರುವುದಿಲ್ಲ. ಆದರೆ ಪ್ರತಿ ವರ್ಷ ಹೊಸ ಬ್ಯಾಚಿಗೆ ಅವರ ವಿಚಾರ ಹೇಳುತ್ತೇನೆ. ತಮ್ಮ ಮಾತು ಕೆಟ್ಟ ಕನ್ನಡ ಎಂದು ತಿಳಿದುಕೊಂಡು ಬಂದವರ ಬೆನ್ನು ಅದನ್ನು ಕೇಳಿದಾಗ ಸ್ವಲ್ಪ ನೆಟ್ಟಗಾಗುತ್ತದೆ.

ಮಾತು ಬೇರೆಯಾದರೆ ಊರೇ ಬೇರೆಯಾದಂತೆ. ವಿಜಯಪುರ ಜಿಲ್ಲೆಯ ಹುಡುಗನೊಬ್ಬ ಬೆಳ್ತಂಗಡಿ ತಾಲ್ಲೂಕಿನ ಶಾಲೆಗೆ ಸೇರಿದ. ಉತ್ತರ ಕರ್ನಾಟಕದಿಂದ ಕರಾವಳಿಗೆ ಕೆಲಸಕ್ಕೆ ಬಂದ ಶಿಕ್ಷಕರು ಬೇಕಾದಷ್ಟಿದ್ದಾರೆ, ಇವನೊಬ್ಬನೇ ಅಲ್ಲ. ಮನೆಯಲ್ಲಿ ತುಳು ಆಡುವ ಆ ಮಕ್ಕಳಿಗೆ ಕನ್ನಡ ಬಹುಮಟ್ಟಿಗೆ ಶಾಲೆಯ ಭಾಷೆ. ಅದಕ್ಕೇ ಅವರದು ಪುಸ್ತಕದ ಅಚ್ಚಿನಲ್ಲಿ ಎರಕ ಹೊಯ್ದ ಕನ್ನಡ. ಇವನು "ಯಾಕ್ರೋ ಸುಮ್ಮ ಕುಂತೀರಿ, ತಿಳೀತಿಲ್ಲೋ?" ಎಂದರೆ ಅವರು ಮುಖ ಮುಖ ನೋಡಿಕೊಂಡು "ಎಂತ ಸರ್?" ಎನ್ನುತ್ತಿದ್ದರು. ಕನ್ನಡ ಎಂ.ಎ. ಮಾಡಿದವನ ಕನ್ನಡ ಮಕ್ಕಳಿಗೆ ತಿಳಿಯುತ್ತಿಲ್ಲ! ಫೋನಿನಲ್ಲಿ ಹೇಳಿಕೊಂಡಾಗ ಅವನ ದನಿಯೇ ಇಳಿದುಹೋಗಿತ್ತು. ಬೇಂದ್ರೆಯವರ ಪದ್ಯ ಬಂದಾಗ ಕಥೆ ಬದಲಾಯಿತು. ಧಾರವಾಡದ ಮಾತಿನ ಕುಣಿತ ಅವನ ನಾಲಿಗೆಯಲ್ಲೇ ಇತ್ತು. ಅಲ್ಲಿ ವರ್ಷಗಟ್ಟಲೆಯಿಂದ ಇದ್ದ ಹಿರಿಯ ಟೀಚರಮ್ಮ ತಮ್ಮ ವಿಭಾಗದ ಮಕ್ಕಳನ್ನೂ ಇವನ ತರಗತಿಗೆ ತಂದು ಕೂರಿಸಿದರಂತೆ. ಅಷ್ಟಾದರೂ ಅವನು ಇವತ್ತಿಗೂ ವರ್ಗಾವಣೆಯ ಕೌನ್ಸೆಲಿಂಗ್ ದಿನ ಎಣಿಸುತ್ತಾನೆ. ಜೋಳದ ರೊಟ್ಟಿ ಸಿಗುವುದಿಲ್ಲವಂತೆ.

ಇನ್ನು ಸ್ಟಾಫ್ ರೂಮಿನ ಲೆಕ್ಕಾಚಾರ. ನಮ್ಮ ಹೈಸ್ಕೂಲುಗಳಲ್ಲಿ ಶಿಕ್ಷಕರನ್ನು ಹೆಸರಿಗಿಂತ ಹೆಚ್ಚಾಗಿ ವಿಷಯದಿಂದ ಕರೆಯುತ್ತಾರೆ, ಗಣಿತ ಭೌತವಿಜ್ಞಾನದವರು ಪಿಸಿಎಂ, ಜೀವವಿಜ್ಞಾನದವರು ಸಿಬಿಝಡ್: ಪಿಸಿಎಂ ಬಂದ್ರಾ, ಸಿಬಿಝಡ್ ರಜಾನಾ, ಕನ್ನಡ ಎಲ್ಲಿ? ಜನವರಿ ಬಂತೆಂದರೆ ಪಿಸಿಎಂನವರು ಕನ್ನಡದ ಪಿರಿಯಡ್ ಕೇಳುತ್ತಾರೆ. "ಕನ್ನಡ ತಾನೇ ಮೇಡಂ, ಹೇಗೋ ಪಾಸಾಗ್ತಾರೆ." ಎಸ್‌ಎಸ್‌ಎಲ್‌ಸಿಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೇ 125, ಮಿಕ್ಕ ವಿಷಯಗಳಿಗೆ ನೂರು ನೂರು. ಈ ಸಂಖ್ಯೆಯನ್ನು ನಮ್ಮ ಹುಡುಗಿಯರಿಗೆ ಬಾಯಿಪಾಠ ಮಾಡಿಸಿ ಕಳಿಸುತ್ತೇನೆ, ವಾದಕ್ಕೆ ಬೇಕಾಗುತ್ತದೆ. ಪಿರಿಯಡ್ ಕೊಡುವಾಗ ಹಗುರವಾದ ಕನ್ನಡ, ವಾರ್ಷಿಕೋತ್ಸವ ಬಂದಾಗ ಭಾರವಾಗುತ್ತದೆ. ಆಹ್ವಾನ ಪತ್ರಿಕೆ, ಸ್ವಾಗತ ಭಾಷಣ, ನಿರೂಪಣೆ, ನವೆಂಬರಿನ ರಾಜ್ಯೋತ್ಸವ, ಪ್ರತಿಭಾ ಕಾರಂಜಿಗೆ ಮಕ್ಕಳ ತಯಾರಿ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರ ಮಾವನ ಸನ್ಮಾನ ಪತ್ರ, ಎಲ್ಲ ಕನ್ನಡದವರದ್ದೇ. ಹೊಸಬರಲ್ಲಿ ಕೆಲವರು ಮೈಕಿನ ಮುಂದೆ ಸಿಗುವ ಚಪ್ಪಾಳೆಯಲ್ಲೇ ತಮ್ಮ ಗುರುತು ಕಂಡುಕೊಂಡು ತರಗತಿಯಲ್ಲಿ ಸೊರಗಿಹೋಗುತ್ತಾರೆ. ಅಂಥವರನ್ನು ಕಂಡರೆ ನನಗೆ ಕಿರಿಕಿರಿ, ಮುಚ್ಚಿಟ್ಟು ಏನು ಫಲ.

ಕನ್ನಡವನ್ನು ಹೀಗೆ ಹಗುರವಾಗಿ ಕಾಣುವುದಕ್ಕೆ ಹಳೆಯ ಬೇರಿದೆ. ಕನ್ನಡ ಪಂಡಿತರೆಂದರೆ ಇಂಗ್ಲಿಷ್ ಪ್ರೊಫೆಸರರ ಕೆಳಗಿನ ಮೆಟ್ಟಿಲಿನವರು ಎಂದು ಕಾಲೇಜುಗಳು ಎಣಿಸುತ್ತಿದ್ದ ಕಾಲವಿತ್ತು. ಅದು ಬದಲಾಗಿದ್ದು ಸರ್ಕಾರಿ ಆದೇಶವೊಂದರಿಂದಲೇ ಅಲ್ಲ, ಕೆಲವು ಮೇಷ್ಟರುಗಳಿಂದ. ಮೈಸೂರಿನಲ್ಲಿ ಕನ್ನಡ ಕಲಿಸಿದ ಟಿ.ಎಸ್. ವೆಂಕಣ್ಣಯ್ಯನವರು ಬರೆದದ್ದು ಕಡಿಮೆ. ಆದರೆ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಅರ್ಪಿತವಾಗಿರುವುದು ಈ ಗುರುವಿಗೆ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ ಕಾವ್ಯದ ಅರ್ಪಣೆಯಲ್ಲಿ ಕನ್ನಡ ಮೇಷ್ಟರೊಬ್ಬರು ಕೂತಿದ್ದಾರೆ ಎಂದು ಹೇಳಿದಾಗ ಪ್ರತಿ ಬ್ಯಾಚಿನಲ್ಲೂ ಒಂದಿಬ್ಬರು ತಲೆಯೆತ್ತಿ ನೋಡುತ್ತಾರೆ.

ಹೊಸಬರು ಬೇಗ ಬೀಳುವ ಹಳ್ಳ ಇನ್ನೊಂದಿದೆ. ಪರೀಕ್ಷೆಯಲ್ಲಿ 'ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ' ಎಂಬ ಪ್ರಶ್ನೆ ಬರುತ್ತದೆ. ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ತುಂಡು ಮಾಡಿ ನೋಟ್ಸ್ ಬರೆಸುವುದು ರೂಢಿ. ಆಯ್ಕೆ ಬರೆಸಬಹುದು, ಸಂದರ್ಭವನ್ನೂ ಬರೆಸಬಹುದು. ಸ್ವಾರಸ್ಯವನ್ನು ಬರೆಸುವುದು ಹೇಗೆ? ಆದರೂ ಬರೆಸುತ್ತಾರೆ, ಮಕ್ಕಳು ತಮಗೆ ಅನ್ನಿಸದೇ ಇದ್ದದ್ದನ್ನು ಅನ್ನಿಸಿದಂತೆ ಉರುಹೊಡೆಯುತ್ತಾರೆ. ಫಲಿತಾಂಶದ ಒತ್ತಡ ಗೊತ್ತಿಲ್ಲದವಳಲ್ಲ ನಾನು. ಆದರೆ ಒಂದು ವಾಕ್ಯ ಯಾಕೆ ಚೆನ್ನಾಗಿದೆ ಎಂದು ಹದಿನೈದು ವರ್ಷದ ಹುಡುಗಿ ತನ್ನ ಮಾತಿನಲ್ಲಿ ಎರಡು ಸಾಲು ಬರೆದಾಗ, ಕಾಗುಣಿತ ತಪ್ಪಿದ್ದರೂ ಅದನ್ನು ಉಳಿಸಿಕೊಳ್ಳುವ ಟೀಚರಿಗೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ತನ್ನ ನೋಟ್ಸ್ ಬರೆಸುವ ಟೀಚರಿಗೂ ಬಹಳ ದೂರ. ಯಾರು ಯಾವ ಕಡೆ ಹೋಗುತ್ತಾರೆ ಎಂಬುದು ಮೊದಲ ಎರಡು ಮೂರು ವರ್ಷದಲ್ಲಿ ತೀರ್ಮಾನವಾಗಿಬಿಡುತ್ತದೆ. ಸ್ವತಃ ಓದುವವರು ಸಾಮಾನ್ಯವಾಗಿ ಮೊದಲನೇ ಗುಂಪಿಗೆ ಸೇರುತ್ತಾರೆ. ಪಠ್ಯಪುಸ್ತಕದ ಹೊರಗೆ ಏನನ್ನೂ ಓದದ ಭಾಷಾ ಶಿಕ್ಷಕರ ಸಂಖ್ಯೆ ದೊಡ್ಡದಿದೆ ಎನ್ನುವುದನ್ನು ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ.

ಇಂಗ್ಲಿಷಿನವರ ಅಂಜಿಕೆ ಇನ್ನೊಂದು ಬಗೆಯದು. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂತು. ಕಲಿಸಬೇಕಾದವರು ಕನ್ನಡ ಮಾಧ್ಯಮದಲ್ಲಿ ಓದಿಬಂದವರು. ಪಾವಗಡ ತಾಲ್ಲೂಕಿನ ಟೀಚರೊಬ್ಬಳು ನನಗೆ ಹೇಳಿದ್ದಳು: "ನಾನು ಇಂಗ್ಲಿಷ್ ಟೀಚರ್ ಅಲ್ಲ ಮೇಡಂ, ಇಂಗ್ಲಿಷ್ ಪಾಠ ಮಾಡೋ ಟೀಚರ್ ಅಷ್ಟೇ." ಹಂಗೇರಿಯ ಪೀಟರ್ ಮೆಡ್ಯೆಶ್ ಎಂಬ ಇಂಗ್ಲಿಷ್ ಅಧ್ಯಾಪಕರು 1994ರಲ್ಲಿ ಇಂಥವರ ಪರವಾಗಿಯೇ ಒಂದು ಪುಸ್ತಕ ಬರೆದರು. ಹುಟ್ಟಿನಿಂದ ಇಂಗ್ಲಿಷ್ ಆಡುವವನಿಗೆ ಆ ಭಾಷೆಯ ದಾರಿ ನಡೆದು ಗೊತ್ತಿಲ್ಲ. ಕಷ್ಟಪಟ್ಟು ಕಲಿತವನಿಗೆ ಎಲ್ಲಿ ಮಕ್ಕಳು ಎಡವುತ್ತಾರೆಂದು ಮೊದಲೇ ಗೊತ್ತಿರುತ್ತದೆ ಎಂಬುದು ಅವರ ವಾದದ ತಿರುಳು. ಪಾವಗಡದವಳ ಮಕ್ಕಳಲ್ಲಿ ತುಂಬ ಮಂದಿಗೆ ಮನೆಮಾತು ತೆಲುಗು. ತೆಲುಗಿರಲಿ ಕನ್ನಡವಿರಲಿ, 'ಮೇಲೆ' ಎಂಬುದು ಮೇಜಿನ ನಂತರ ಬರುತ್ತದೆ, ಹಾಗಾಗಿ ಮಕ್ಕಳು "ಟೇಬಲ್ ಆನ್" ಎನ್ನುತ್ತಾರೆ. ಅವಳು ರಟ್ಟಿನ ಮೇಲೆ ಪದ ಬರೆದು ಮೂರು ಮಕ್ಕಳ ಕೊರಳಿಗೆ ತೂಗುಹಾಕಿ ಸಾಲಾಗಿ ನಿಲ್ಲಿಸುತ್ತಾಳೆ. 'ಟೇಬಲ್' ಹುಡುಗ, 'ಆನ್' ಹುಡುಗಿ ಜಾಗ ಬದಲಿಸಬೇಕು, ನಡುವೆ 'ದ' ನುಗ್ಗಬೇಕು. ನೂಕಾಟ, ಕಿರುಚಾಟ. ಪಾಠ ಮಾತ್ರ ಹತ್ತುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ, ತಾನು ಕಲಿತ ಕಷ್ಟದ ನೆನಪೇ ಹೇಳಿಕೊಟ್ಟಿತು.

ಹಾಗಾದರೆ ಕನ್ನಡವನ್ನು ತಾಯಿಯ ಮಡಿಲಲ್ಲೇ ಕಲಿತವರಿಗೆ ಈ ಲಾಭವಿಲ್ಲವಲ್ಲ? ಇಲ್ಲ. ಆ ಕೊರತೆ ಚೆನ್ನಾಗಿ ಕಾಣುವುದು ಬೆಂಗಳೂರಿನಲ್ಲಿ. ಕನ್ನಡ ಭಾಷಾ ಕಲಿಕೆ ಅಧಿನಿಯಮ 2015ರಲ್ಲಿ ಬಂದ ಮೇಲೆ ಎಲ್ಲ ಶಾಲೆಗಳೂ ಹಂತಹಂತವಾಗಿ ಕನ್ನಡ ಕಲಿಸಬೇಕಾಯಿತು, ನಮ್ಮ ಕಾಲೇಜಿನ ಒಂದಿಬ್ಬರಿಗೆ ವೈಟ್‌ಫೀಲ್ಡ್ ಕಡೆಯ ದೊಡ್ಡ ಶಾಲೆಗಳಲ್ಲಿ ಕೆಲಸ ಸಿಕ್ಕಿತು. ಅವರಲ್ಲೊಬ್ಬಳು ಪಂಪನ ಮೇಲೆ ಪ್ರಬಂಧ ಬರೆದಿದ್ದವಳು. ಎದುರಿಗೆ ಹಿಂದಿ, ತಮಿಳು, ತೆಲುಗು, ಬಂಗಾಳಿ ಮನೆಗಳ ಮೂರನೇ ತರಗತಿ ಮಕ್ಕಳು. ಕಾರಿಡಾರಿನಲ್ಲಿ ಇಂಗ್ಲಿಷಿನಲ್ಲೇ ಮಾತಾಡಬೇಕೆಂದು ಕನ್ನಡ ಮಿಸ್‌ಗೂ ಅಪ್ಪಣೆ. ಮಕ್ಕಳು "ಇದು ನನ್ನ ಬ್ಯಾಗ್ ಇಲ್ಲ" ಎನ್ನುತ್ತಿದ್ದರು. ತಪ್ಪು ಎಂದು ಗೊತ್ತು, ಯಾಕೆ ತಪ್ಪು ಎಂದು ಹೇಳಲು ಅವಳಿಗೆ ಬರಲಿಲ್ಲ. ಆಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ತೆಲುಗಿನ ಮಕ್ಕಳು ಆ ತಪ್ಪು ಮಾಡುತ್ತಿರಲಿಲ್ಲ. ತೆಲುಗಿನಲ್ಲಿ 'ಕಾದು', 'ಲೇದು' ಎಂದು ಎರಡಿವೆ, ನಮ್ಮ ಅಲ್ಲ, ಇಲ್ಲಗಳ ಹಾಗೆಯೇ. ಹಿಂದಿಯಲ್ಲಿ ಎರಡಕ್ಕೂ 'ನಹೀಂ', ತಮಿಳಿನಲ್ಲೂ ಆಡುಮಾತಿಗೆ 'ಇಲ್ಲೈ' ಒಂದೇ. ಮರುದಿನ ತೆಲುಗಿನ ಮಕ್ಕಳನ್ನೇ ಎಬ್ಬಿಸಿ ಹೇಳಿಸಿದಳು. "ಮೇಡಂ, ಇಷ್ಟು ವರ್ಷ ಆಡಿದ ಕನ್ನಡವನ್ನು ಈಗ ನೋಡ್ತಾ ಇದ್ದೀನಿ" ಎಂದು ರಾತ್ರಿ ಫೋನು ಮಾಡಿದ್ದಳು. ಹಳಗನ್ನಡದ ಹುಡುಗಿ ಭಾಷಾ ಶಿಕ್ಷಕಿಯಾದದ್ದು ಆ ಶಾಲೆಯ ನೇಮಕಾತಿ ಪತ್ರ ಬಂದಾಗಲ್ಲ, ಆವತ್ತು ಎಂದು ನನ್ನ ಎಣಿಕೆ.

ಇಂಥದ್ದಕ್ಕೆಲ್ಲ ಒಂದೇ ಜಾಗದಲ್ಲಿ ನಿಂತು ಎರಡು ವರ್ಷವಾದರೂ ಕೆಲಸ ಮಾಡಬೇಕು. ಇವತ್ತು ಕೆಲಸ ಶುರುಮಾಡುವವರಲ್ಲಿ ಬಹಳ ಮಂದಿ ಅತಿಥಿ ಶಿಕ್ಷಕರು. ಶಾಲೆ ಶುರುವಾದ ಮೇಲೆ ಆದೇಶ, ವರ್ಷ ಮುಗಿಯುತ್ತಲೇ ಬಿಡುಗಡೆ, ಮುಂದಿನ ವರ್ಷ ಅದೇ ಶಾಲೆಯೋ ಬೇರೆಯದೋ ಯಾರಿಗೂ ತಿಳಿಯದು. ಗೌರವ ಸಂಭಾವನೆ ಕೈಗೆ ಬರುವ ಹೊತ್ತಿಗೆ ಎರಡು ತಿಂಗಳ ಸಾಲವಾಗಿರುತ್ತದೆ. ಪಕ್ಕದಲ್ಲಿ ಕೂತು ಪಾಠ ನೋಡಿ ಹೇಳುವ ಹಿರಿಯರು ಎಲ್ಲ ಶಾಲೆಯಲ್ಲೂ ಇರುವುದಿಲ್ಲ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ, ಬಂದರೆ ದಾಖಲೆ ನೋಡಿ ಹೋಗುವಷ್ಟಕ್ಕೆ ಅವರ ಸಮಯ ಮುಗಿಯುತ್ತದೆ. ಮಳವಳ್ಳಿಯವಳಿಗೆ ಉತ್ತರ ಪುಸ್ತಕದ ಕಟ್ಟು ಮತ್ತೆ ಮತ್ತೆ ಕೈಗೆ ಬಂದದ್ದು ಅದೇ ಮಕ್ಕಳದ್ದಾದ್ದರಿಂದ ಅವಳಿಗೆ ಏನೋ ಕಂಡಿತು. ವರ್ಷವರ್ಷವೂ ಶಾಲೆ ಬದಲಿಸುವವರಿಗೆ ಹಾಗೆ ಕಾಣಲು ಪುರುಸೊತ್ತೆಲ್ಲಿ?

ಹಳೆಯ ಬ್ಯಾಚಿನವರದು ಒಂದು ವಾಟ್ಸ್ಆ್ಯಪ್ ಗುಂಪಿದೆ, ನನ್ನನ್ನೂ ಸೇರಿಸಿದ್ದಾರೆ. ಪ್ರಶ್ನೆಪತ್ರಿಕೆ, ಡಿಎ ಸುದ್ದಿ, ಹುಟ್ಟುಹಬ್ಬದ ಶುಭಾಶಯ ಇವುಗಳ ಮಧ್ಯೆ ಹೋದ ತಿಂಗಳು ಒಂದು ಜಗಳ ಹತ್ತಿತು. ಮೌಖಿಕ ಪರೀಕ್ಷೆಯಲ್ಲಿ ಹಕಾರ ಬಿಟ್ಟ ಮಗುವಿಗೆ ಅಂಕ ಕಳೆಯಬೇಕೇ ಬೇಡವೇ? ಶಿರಸಿಯ ಹುಡುಗ ಕಳೆಯಲೇಬೇಕೆಂದ. ಮಾಗಡಿಯವಳು, ಹಾಗಾದರೆ ನನ್ನಪ್ಪನಿಗೆ ಸೊನ್ನೆ ಬರುತ್ತದೆ ಎಂದಳು. ವಿಜಯಪುರದವನು ಬೆಳ್ತಂಗಡಿಯಿಂದ ಮೂರು ವಾಯ್ಸ್ ಮೆಸೇಜ್ ಹಾಕಿದ. ನನ್ನನ್ನು ಕೇಳಿದರು. ಪದ್ಯ ಓದುವಾಗ ತಿದ್ದಿ, ಬರಹದಲ್ಲಿ ತಿದ್ದಿ, ಮಗು ತನ್ನ ಊರ ಜಾತ್ರೆಯ ಕಥೆ ಹೇಳುತ್ತಿದ್ದರೆ ಬಾಯಿ ಮುಚ್ಚಿಕೊಂಡು ಕೇಳಿ ಎಂದೆ. ಶಿರಸಿಯವನು ಒಪ್ಪಲಿಲ್ಲ, ಮೌಖಿಕ ಪರೀಕ್ಷೆ ಎಂದ ಮೇಲೆ ಮಾಪನಕ್ಕೊಂದು ಅಳತೆ ಬೇಡವೇ ಎಂದು ಉದ್ದಕ್ಕೆ ಬರೆದಿದ್ದಾನೆ. ಅವನಿಗೆ ಮಳವಳ್ಳಿಯವಳು ಉತ್ತರ ಬರೆಯುತ್ತಿದ್ದಾಳೆ.